ಹರಕೆಯ ಹುಂಜ

"ಗುರುಗಳೇ, ಒರಟರ ಕೈಯಿಂದ ಸಾಧುಗಳನ್ನು ಕಾಪಾಡುವುದು ಹೇಗೆ?"

ಮಡಿವಾಳಯ್ಯ ಎಂಬ ಶಿಷ್ಯ ಹೀಗೆ ಕೇಳಿದ. ಆಶ್ರಮದ ಆಡಳಿತವೆಲ್ಲ ಅವನ ಹೆಗಲ ಮೇಲಿತ್ತು. ಕೇಳಿದ್ದು ಶಾಸ್ತ್ರದ ಪ್ರಶ್ನೆಯ ಹಾಗಿತ್ತು, ಮುಖ ಮಾತ್ರ ಬೇರೇನನ್ನೋ ಹೇಳುತ್ತಿತ್ತು. ಪ್ರಶ್ನೆ ಎಲ್ಲಿಂದ ಎದ್ದಿತೋ ಅಲ್ಲಿಂದಲೇ ಹೇಳು ಎಂದರು ಗುರುಗಳು.

ಮಡಿವಾಳಯ್ಯ ಹೇಳಿದ. ಉಗ್ರಾಣ ನೋಡಿಕೊಳ್ಳುವ ಮರಿದೇವಪ್ಪ ತನ್ನ ಮನೆ, ಹೊಲ ಎಲ್ಲವನ್ನೂ ಆಶ್ರಮಕ್ಕೆ ಬರೆದುಕೊಟ್ಟು ಬಂದು ಸೇರಿದವನು. ದಾಸೋಹ ನಡೆಯುತ್ತಿರುವುದೇ ಅವನಿಂದ. ಆದರೆ ಅವನು ಮುಂಗೋಪಿ. ಅಕ್ಕಿ ಆರಿಸಲು ಬರುವ ಹೆಂಗಸರ ಮೇಲೆ ಕೂಗಾಡುತ್ತಾನೆ, ಕೈ ಮಾಡುವುದೂ ಉಂಟು. ಹಿಂದಿನ ಅಮಾವಾಸ್ಯೆಯ ದಿನ ಪುಟ್ಟಸಿದ್ದಮ್ಮ ಎಂಬಾಕೆಯ ಕೈ ಹಿಡಿದು ಎಳೆದಾಗ ಬಳೆ ಒಡೆದು ಮಣಿಕಟ್ಟು ಕೊಯ್ದುಹೋಯಿತು. ಆಮೇಲೆ ಮಡಿವಾಳಯ್ಯ ಒಂದು ಏರ್ಪಾಡು ಮಾಡಿದ. ಹೆಂಗಸರು ಈಗ ಪಡಸಾಲೆಗೆ ಬರುವುದಿಲ್ಲ. ಹಿಂಬಾಗಿಲಿನಿಂದ ಬಂದು, ದನದ ಕೊಟ್ಟಿಗೆಯ ಪಕ್ಕದ ಇಕ್ಕಟ್ಟಿನಲ್ಲಿ ಕೂತು ಅಕ್ಕಿ ಆರಿಸಿ, ಹಿಂಬಾಗಿಲಿನಿಂದಲೇ ಹೋಗುತ್ತಾರೆ. ಸಂಜೆಯ ಭಜನೆಗೂ ಬರಬೇಡಿ ಎಂದು ಅವರಿಗೆ ಹೇಳಿದ್ದಾನೆ. ಅಂದಿನಿಂದ ಗಲಾಟೆಯಿಲ್ಲ. ಯಾರಿಗೂ ಗಾಯವಾಗಿಲ್ಲ. ಇದನ್ನೇ ಕಾಯಂ ಮಾಡಲು ಗುರುಗಳ ಅಪ್ಪಣೆ ಬೇಕು.

ಗುರುಗಳು ಆಗಲಿ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಕೂರು ಎಂದರು. ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಬ್ಬಳು ಹೆಂಡತಿ, ಒಬ್ಬಳು ಮಗಳು. ರೈತ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆ ಮುಗಿಯುವ ಹೊತ್ತಿಗೆ ನಿನಗೆ ಅವನ ಮೇಲೆ ಸಿಟ್ಟು ಬರಬಹುದು. ಹೆಂಡತಿಯ ಮೇಲೆ ಅವನು ಒಂದು ದಿನವೂ ಕೈ ಎತ್ತಿದವನಲ್ಲ. ಮಗಳೆಂದರೆ ಅವನಿಗೆ ಪ್ರಾಣ.

ಆ ಮನೆಯಲ್ಲಿ ಹೊಲ ಗಂಡನದು, ಹಸು ಮಾವನ ಕಾಲದಿಂದ ಬಂದದ್ದು. ತನ್ನದು ಎಂದು ಹೇಳಿಕೊಳ್ಳಲು ಹೆಂಡತಿಗೆ ಇದ್ದದ್ದು ಕೆಲವು ಹೇಂಟೆಗಳು. ಮದುವೆಯಾಗಿ ಬರುವಾಗ ಅವಳು ತವರಿನಿಂದ ಒಂದು ಕಪ್ಪು ಹೇಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ಉಳಿದವೆಲ್ಲ ಅದರ ಮರಿಗಳು, ಮರಿಗಳ ಮರಿಗಳು. ಅವುಗಳ ಮೊಟ್ಟೆಯಿಂದಲೇ ಮನೆಗೆ ಉಪ್ಪು, ಎಣ್ಣೆ ಬರುತ್ತಿತ್ತು, ಮಗಳಿಗೆ ಲಂಗದ ಬಟ್ಟೆ ಬರುತ್ತಿತ್ತು.

ಒಂದು ಸಲ ಮಗಳಿಗೆ ಜ್ವರ ಬಂತು. ಏನು ಮಾಡಿದರೂ ಬಿಡಲಿಲ್ಲ. ಮಗು ಕಣ್ಣು ಬಿಡುವುದನ್ನೇ ನಿಲ್ಲಿಸಿದಾಗ ತಾಯಿ ಊರ ದೇವಿಯ ಮುಂದೆ ಸೆರಗೊಡ್ಡಿ ನಿಂತಳು. ಮಗಳನ್ನು ಉಳಿಸಿಕೊಟ್ಟರೆ ನಿನಗೊಂದು ಹುಂಜ ಒಪ್ಪಿಸುತ್ತೇನೆ ಎಂದು ಹರಕೆ ಹೊತ್ತಳು. ಮಗಳು ಉಳಿದಳು. ಆಗ ಕಪ್ಪು ಹೇಂಟೆ ಮರಿ ಮಾಡಿಕೊಂಡು ಅಂಗಳದಲ್ಲಿ ತಿರುಗುತ್ತಿತ್ತು. ಅದರ ಮರಿಗಳಲ್ಲಿ ಕೆಂಪಗಿದ್ದ ಒಂದು ಹುಂಜದ ಮರಿಯನ್ನು ಆರಿಸಿ ಕಾಲಿಗೆ ಅರಿಶಿನದ ದಾರ ಕಟ್ಟಿದರು. ಅಂದಿನಿಂದ ಅದು ದೇವಿಯದಾಯಿತು.

ಆ ಊರಿನಲ್ಲಿ ದೇವಿಗೆ ಹಬ್ಬ ಮಾಡುವುದು ವರ್ಷವರ್ಷವೂ ಅಲ್ಲ, ಊರವರೆಲ್ಲ ಕೂಡಿ ನಿಶ್ಚಯಿಸಿದಾಗ. ಅಲ್ಲಿಯವರೆಗೆ ಹರಕೆಗೆ ಬಿಟ್ಟ ಹುಂಜವನ್ನು ಯಾರೂ ಹೊಡೆಯುವಂತಿಲ್ಲ, ಕಟ್ಟುವಂತಿಲ್ಲ, ಮಾರುವಂತಿಲ್ಲ. ಅದರ ಕಾಲಿನ ಹಿಂದೆ ಬೆಳೆಯುವ ಚೂಪಾದ ಮುಳ್ಳು ಕತ್ತರಿಸುವಂತಿಲ್ಲ. ಯಾರ ಅಂಗಳಕ್ಕೆ ನುಗ್ಗಿ ಕಾಳು ತಿಂದರೂ ಹುಶ್ ಅನ್ನುವಂತಿಲ್ಲ. ಮೈಯಲ್ಲಿ ಊನವಿದ್ದರೆ ದೇವಿ ಒಪ್ಪುವುದಿಲ್ಲ ಎಂಬುದು ಅವರ ನಂಬಿಕೆ.

ಹುಂಜ ಬೆಳೆಯಿತು. ಜುಟ್ಟು ಕೆಂಪಾಯಿತು, ಬಾಲದ ಗರಿ ಬಾಗಿ ನೆಲ ಮುಟ್ಟಿತು. ಅಂಥ ಹುಂಜ ಸುತ್ತಮುತ್ತ ಎಲ್ಲೂ ಇಲ್ಲವೆಂದು ಜನ ಹೇಳುತ್ತಿದ್ದರು. ರೈತನಿಗೆ ಹೆಮ್ಮೆ. ದೇವಿಗೆ ಒಪ್ಪಿಸುವುದಾದರೆ ಇಂಥದ್ದನ್ನೇ ಒಪ್ಪಿಸಬೇಕು ಎಂದು ಮೀಸೆ ತಿರುವುತ್ತಿದ್ದ. ಬೆಳೆಸಿದ್ದು ಹೆಂಡತಿ, ಮೀಸೆ ಅವನದು.

ಕಾಳು ಕಂಡರೆ ಹೇಂಟೆಗಳನ್ನು ಕರೆದು, ಅವು ತಿಂದ ಮೇಲೆ ತಾನು ತಿನ್ನುವ ಹುಂಜಗಳಿವೆ. ಹದ್ದು ಕಂಡರೆ ಕೂಗಿ ಎಚ್ಚರಿಸುವ ಹುಂಜಗಳಿವೆ. ಇದು ಆ ಜಾತಿಯದಲ್ಲ. ಕಾಳು ಚೆಲ್ಲಿದರೆ ಹೇಂಟೆಗಳನ್ನು ಕುಕ್ಕಿ ಓಡಿಸಿ ತಾನೊಂದೇ ತಿನ್ನುತ್ತಿತ್ತು. ಬೆನ್ನಟ್ಟಿ ಹಿಡಿದು ನೆತ್ತಿಯ ಪುಕ್ಕ ಕೀಳುತ್ತಿತ್ತು. ಮೇಲೆ ಹತ್ತಿ ಕಾಲಿನ ಮುಳ್ಳಿನಿಂದ ಬೆನ್ನು ಸೀಳುತ್ತಿತ್ತು. ಹುಂಜ ಹೇಂಟೆಯ ಮೇಲೆ ಹತ್ತುವುದು ಪ್ರಕೃತಿ. ಆದರೆ ರಕ್ತ ಬಂದ ಮೇಲೂ ಬಿಡದೆ ಕುಕ್ಕುವುದಕ್ಕೆ ಆ ಹೆಸರು ಕೊಡಲು ನಾನು ಒಪ್ಪುವುದಿಲ್ಲ. ಹೇಂಟೆಗಳ ಬೆನ್ನು ಬೋಳಾಯಿತು. ಅವು ಹಗಲೆಲ್ಲ ಸೌದೆಯ ಸಂದಿಯಲ್ಲಿ ಅವಿತುಕೊಳ್ಳತೊಡಗಿದವು.

ಹೆಂಡತಿ ಗಂಡನಿಗೆ ಹೇಳಿದಳು. ಹುಂಜ ಎಂದ ಮೇಲೆ ಸ್ವಲ್ಪ ಜೋರು ಇದ್ದೇ ಇರುತ್ತದೆ ಎಂದ ರೈತ. ಊರಿನ ಹಿರಿಯನೊಬ್ಬ, ಹುಂಜ ಇಷ್ಟು ಬಲವಾಗಿದ್ದರೆ ಹೇಂಟೆಗಳು ಇನ್ನಷ್ಟು ಬೇಕು, ಆಗ ಒಂದರ ಮೇಲೇ ಭಾರ ಬೀಳುವುದಿಲ್ಲ ಎಂದ. ಮಾತೇನೋ ಸರಿಯಾದದ್ದೇ. ಬೇರೆ ಹುಂಜವಾಗಿದ್ದರೆ ಫಲಿಸುತ್ತಿತ್ತು. ರೈತ ತನ್ನ ತಂಗಿಯ ಮನೆಯಿಂದ ಇನ್ನೂ ಕೆಲವು ಹೇಂಟೆ ತಂದು ಬಿಟ್ಟ. ಸ್ವಲ್ಪ ದಿನದಲ್ಲಿ ಅವುಗಳ ಬೆನ್ನೂ ಬೋಳಾಯಿತು.

ಹೆಂಡತಿ ಗಾಯಗಳಿಗೆ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದಳು. ಹಳೆಯ ಸೀರೆ ಹರಿದು, ಬೆನ್ನು ಮುಚ್ಚುವಂತೆ ಚಿಕ್ಕ ಚಿಕ್ಕ ಬಟ್ಟೆ ಹೊಲಿದು, ರೆಕ್ಕೆಗಳ ಕೆಳಗೆ ದಾರ ಕಟ್ಟಿದಳು. ಕೋಳಿಗೆ ಕುಪ್ಪಸ ಹೊಲಿಯುವವಳನ್ನು ಇಲ್ಲೇ ಕಂಡೆವು ಎಂದು ನೆರೆಯ ಹೆಂಗಸರು ನಕ್ಕರು. ಅವಳೂ ನಕ್ಕಳು. ಸ್ವಲ್ಪ ದಿನ ಬಟ್ಟೆ ತಡೆಯಿತು. ಆಮೇಲೆ ಮುಳ್ಳು ಬಟ್ಟೆಯನ್ನೂ ಸೀಳಿತು. ಒಂದು ದಿನ ಕಪ್ಪು ಹೇಂಟೆಯ ಪಕ್ಕೆ ಕಿತ್ತುಹೋಗಿ ಒಳಗಿನ ಕೆಂಪು ಕಾಣುತ್ತಿತ್ತು. ಆ ಹುಂಜಕ್ಕೆ ಕಾವು ಕೊಟ್ಟು ಮರಿ ಮಾಡಿದ ಹೇಂಟೆ ಅದು.

ಅವತ್ತು ಹೆಂಡತಿ ಅತ್ತಳು. ಹುಂಜವನ್ನು ಕೂಡಿಹಾಕೋಣ ಎಂದು ಗಂಡನನ್ನು ಬೇಡಿಕೊಂಡಳು. ಅದು ನಮ್ಮದಲ್ಲ, ದೇವಿಯದು, ಅದಕ್ಕೆ ತಡೆ ಹಾಕಿ ಮಗಳ ಮೇಲೆ ಬಂದರೆ ಏನು ಮಾಡುತ್ತೀ ಎಂದ ರೈತ. ಹರಕೆ ಹೊತ್ತವಳೇ ಅವಳು. ಮಗಳು ಕಣ್ಣು ಮುಚ್ಚಿ ಮಲಗಿದ್ದ ದಿನಗಳು ಅವಳಿಗೆ ನೆನಪಿದ್ದವು.

ಆದರೂ ಹೆಂಡತಿಯ ಕಣ್ಣೀರು ರೈತನನ್ನು ಕಾಡಿತು. ಕಲ್ಲುಮನಸ್ಸಿನವನಾಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಯೋಚಿಸಿದ. ಬಿದಿರು ಕಡಿದು ತಂದ. ಸೀಳಿ, ಸವರಿ, ಒಂದು ದೊಡ್ಡ ಮಂಕರಿ ಹೆಣೆದ. ಒಳ್ಳೆಯ ಕೆಲಸಗಾರ, ಹೆಣಿಗೆಯಲ್ಲಿ ಒಂದೂ ಸಡಿಲ ಎಳೆಯಿರಲಿಲ್ಲ. ಗೋಡೆಯ ಪಕ್ಕ ನೆರಳಿರುವ ಕಡೆ ಹೇಂಟೆಗಳನ್ನೆಲ್ಲ ಕೂಡಿಸಿ ಮೇಲೆ ಆ ಮಂಕರಿ ಕವುಚಿದ. ಒಳಗೆ ನೀರಿಟ್ಟ, ಕಾಳು ಹಾಕಿದ. ಮೇಲೊಂದು ಕಲ್ಲು ಹೇರಿದ.

ಅಂಗಳ ಶಾಂತವಾಯಿತು. ಹುಂಜಕ್ಕೂ ತಡೆಯಿಲ್ಲ, ಹೇಂಟೆಗಳಿಗೂ ಗಾಯವಿಲ್ಲ, ದೇವಿಗೂ ಕೋಪವಿಲ್ಲ. ರೈತ ಅಂಗಳದಲ್ಲಿ ನಿಂತು ತೃಪ್ತಿಯಿಂದ ನೋಡಿದ. ನೆರೆಯವರು ಬಂದು, ಎಂಥ ಉಪಾಯ ಮಾಡಿದೆ ಎಂದು ಬೆನ್ನು ತಟ್ಟಿದರು. ಬೆನ್ನು ತಟ್ಟಿದವರಲ್ಲಿ ಒಬ್ಬರೂ ಬಗ್ಗಿ ಮಂಕರಿಯ ಒಳಗೆ ನೋಡಲಿಲ್ಲ.

ಹುಂಜ ಇಡೀ ಅಂಗಳದಲ್ಲಿ ಒಂದೇ ಮೇಯುತ್ತಿತ್ತು. ಬೆಳಗಾದರೆ ಮಂಕರಿಯ ಮೇಲೆ ಹತ್ತಿ ನಿಂತು ಕೂಗುತ್ತಿತ್ತು.

ಕೋಳಿ ಎಂದರೆ ಕೆದಕುವ ಪ್ರಾಣಿ. ತಿಪ್ಪೆ ಕೆದಕಬೇಕು, ಬಿಸಿಲಲ್ಲಿ ಧೂಳು ಎರಚಿಕೊಂಡು ಹೊರಳಬೇಕು. ಮಂಕರಿಯೊಳಗಿನ ನೆಲವನ್ನು ಹೇಂಟೆಗಳು ಕೆದಕಿ ಕೆದಕಿ ಮುಗಿಸಿದವು. ಆಮೇಲೆ ಸುಮ್ಮನೆ ನಿಂತವು. ಮೊಟ್ಟೆ ಇಡುವುದು ನಿಂತಿತು. ಇಕ್ಕಟ್ಟಿನಲ್ಲಿ ಒಂದನ್ನೊಂದು ಕುಕ್ಕತೊಡಗಿದವು. ರೈತ ಅದನ್ನು ಹೆಂಡತಿಗೆ ತೋರಿಸಿ, ನೋಡಿದೆಯಾ, ಹುಂಜವನ್ನೇ ಬಯ್ಯುತ್ತಿದ್ದೆಯಲ್ಲ, ಇವು ಏನು ಕಡಿಮೆ ಎಂದ.

ಒಂದು ಬೆಳಿಗ್ಗೆ ಕಪ್ಪು ಹೇಂಟೆ ಮಂಕರಿಯೊಳಗೆ ಸತ್ತು ಬಿದ್ದಿತ್ತು. ರೈತ ಅದನ್ನು ಎತ್ತಿ, ತಿರುಗಿಸಿ, ರೆಕ್ಕೆ ಬಿಡಿಸಿ ನೋಡಿದ. ಪಕ್ಕೆಯ ಹಳೆಯ ಗಾಯ ಮಾದುಹೋಗಿತ್ತು, ಹೊಸದೊಂದು ಗೀರೂ ಇರಲಿಲ್ಲ. ಅವನಿಗೆ ಒಳಗೊಳಗೆ ಸಮಾಧಾನವಾಯಿತು. ವಯಸ್ಸಾಗಿತ್ತು ಬಿಡು, ನಮ್ಮಿಂದೇನೂ ಕಡಿಮೆಯಾಗಿಲ್ಲ ಎಂದು ಹೆಂಡತಿಗೆ ಹೇಳಿ ಹೊಲಕ್ಕೆ ಹೋದ. ಅವಳು ಹೇಂಟೆಯನ್ನು ನುಗ್ಗೆಮರದ ಬುಡದಲ್ಲಿ ಹೂತಳು. ಮಣ್ಣು ಮುಚ್ಚಿದ ಮೇಲೂ ತವರಿನ ಕಡೆ ಮುಖ ಮಾಡಿ ಬಹಳ ಹೊತ್ತು ಕೂತಿದ್ದಳು.

ಮಾರನೆಯ ದಿನ ನಸುಕಿನಲ್ಲಿ, ಹುಂಜ ಇನ್ನೂ ಕೂಗುವ ಮೊದಲೇ, ಅವಳು ಅದನ್ನು ಹಿಡಿದಳು. ಬೆಳಕು ಹರಿಯದಿದ್ದರೆ ಎಂಥ ಹುಂಜವೂ ಪೆದ್ದು. ಮಂಕರಿ ಎತ್ತಿ ಹೇಂಟೆಗಳನ್ನು ಹೊರಗೆ ಬಿಟ್ಟು, ಪಕ್ಕದಲ್ಲೇ ಹುಂಜವನ್ನು ಇಟ್ಟು, ಅದರ ಮೇಲೆ ಮಂಕರಿ ಕವುಚಿ ಕಲ್ಲು ಹೇರಿದಳು. ಅದಕ್ಕೂ ನೀರಿಟ್ಟಳು, ಹೇಂಟೆಗಳಿಗೆ ಹಾಕಿದ್ದಕ್ಕಿಂತ ಒಳ್ಳೆಯ ಕಾಳು ಹಾಕಿದಳು.

ಹೇಂಟೆಗಳು ಹೊರಗೆ ಬಂದಿದ್ದವು, ಆದರೆ ಹೋಗಲಿಲ್ಲ. ಮಂಕರಿ ಇದ್ದ ಜಾಗದಲ್ಲಿ ನೆಲದ ಮೇಲೆ ಒಂದು ದುಂಡನೆಯ ಗುರುತಿತ್ತು. ಬಿಸಿಲು ಏರುವವರೆಗೂ ಅವು ಆ ಗುರುತಿನ ಒಳಗೇ ನಿಂತಿದ್ದವು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅವಳು ಗುರುತಿನಾಚೆ ಕಾಳು ಚೆಲ್ಲಿ ದೂರ ಹೋಗಿ ಕೂತಳು. ಬಹಳ ಹೊತ್ತಿಗೆ ಒಂದು ಹೇಂಟೆ ಕಾಲು ಆಚೆ ಇಟ್ಟಿತು.

ರೈತ ಎದ್ದು ಬಂದು ನೋಡಿದ.

"ದೇವೀದನ್ನ ಕೂಡಿಹಾಕಿದ್ದೀಯಲ್ಲೇ. ಮಗಳ ಗತಿ ಏನು?"

"ನಾನು ಹರಕೆ ಹೊತ್ತಿದ್ದು ದೇವಿಗೆ ಹುಂಜ ಕೊಡ್ತೀನಿ ಅಂತ. ಹುಂಜಕ್ಕೆ ನನ್ನ ಕೋಳಿಗಳನ್ನ ಕೊಡ್ತೀನಿ ಅಂತ ಯಾರ ಮುಂದೇನೂ ಹೇಳಿಲ್ಲ," ಎಂದಳು ಅವಳು.

ರೈತನ ಭಯ ಹೋಗಲಿಲ್ಲ. ಅಂದಿನಿಂದ ಅವನು ಮಗಳ ಹಣೆ ಮುಟ್ಟಿ ನೋಡಿಯೇ ಹೊಲಕ್ಕೆ ಹೋಗುತ್ತಿದ್ದ.

ಹುಂಜ ಮಂಕರಿಯೊಳಗೆ ರೆಕ್ಕೆ ಬಡಿಯಿತು, ಬಿದಿರು ಕುಕ್ಕಿತು. ಹೇಂಟೆಗಳು ಮೆಲ್ಲನೆ ಅಂಗಳಕ್ಕೆ, ಅಂಗಳದಿಂದ ತಿಪ್ಪೆಗೆ ಹೋದವು. ಹೀಗಿರುವಾಗ ಒಂದು ದಿನ ಮಗಳು ಮಳೆಯಲ್ಲಿ ನೆನೆದು ಬಂದಳು. ಸಂಜೆಯ ಹೊತ್ತಿಗೆ ಮೈ ಸುಡುತ್ತಿತ್ತು.

ರೈತ ಹೆಂಡತಿಯನ್ನು ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಮಗಳ ಪಕ್ಕ ಕೂತು ಮಂಕರಿಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಎತ್ತಿಬಿಡು ಎಂದು ಮೆಲ್ಲನೆ ಬೇಡಿಕೊಂಡ. ಮಗಳು ಅವಳ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ? ಅವಳು ಎದ್ದು ಅಂಗಳಕ್ಕೆ ಹೋದಳು. ಕಲ್ಲು ಕೆಳಗಿಟ್ಟಳು. ಮಂಕರಿಯ ಅಂಚಿಗೆ ಕೈ ಹಾಕಿದಳು. ಹೇಂಟೆಗಳು ಗೂಡಿಗೆ ಹೋಗುವ ಮೊದಲು ಅಲ್ಲೇ ಪಕ್ಕದಲ್ಲಿ ಮೇಯುತ್ತಿದ್ದವು. ಬಗ್ಗಿದವಳಿಗೆ ಅವುಗಳ ಬೆನ್ನು ಕಂಡಿತು. ಬೋಳು ಬೆನ್ನಿನ ತುಂಬ ಹೊಸ ಪುಕ್ಕದ ಮೊನೆಗಳು ಎದ್ದಿದ್ದವು.

ಅವಳು ಕೈ ತೆಗೆದಳು. ಕಲ್ಲನ್ನು ಮತ್ತೆ ಮೇಲಿಟ್ಟಳು. ಮಗಳನ್ನು ಕಂಬಳಿಯಲ್ಲಿ ಸುತ್ತಿ ಸೊಂಟಕ್ಕೆ ಎತ್ತಿಕೊಂಡು ನೇರವಾಗಿ ದೇವಿಯ ಗುಡಿಗೆ ಹೋದಳು. ಈ ಸಲ ಸೆರಗೊಡ್ಡಲಿಲ್ಲ.

"ನಿನ್ನ ಹುಂಜಕ್ಕೆ ಊನ ಮಾಡಿಲ್ಲ ತಾಯಿ. ನೀರು ಕಾಳು ಇಟ್ಟಿದ್ದೀನಿ. ಕೂಡಿಹಾಕಿದ್ದು ನಾನು. ತಪ್ಪು ಅನ್ನೋದಾದ್ರೆ ನನ್ನ ಕೇಳು, ಮಗೂನ ಕೇಳಬೇಡ."

ಇಷ್ಟು ಹೇಳಿ ಮನೆಗೆ ಬಂದಳು. ಕಷಾಯ ಕಾಯಿಸಿ ಕುಡಿಸಿದಳು. ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತ ಕೂತಳು. ರೈತ ಒಲೆಗೆ ಸೌದೆ ಇಡುತ್ತ ಕೂತ. ಅವನಿಗೆ ಅಂಗಳಕ್ಕೆ ಹೋಗಿ ಮಂಕರಿ ಎತ್ತಬೇಕೆಂದು ಎಷ್ಟೋ ಸಲ ಅನ್ನಿಸಿತು. ಹೆಂಡತಿ ತಡೆಯಲು ಏಳುತ್ತಿರಲಿಲ್ಲ, ಅವಳಿಗೆ ಏಳುವಷ್ಟು ಬಿಡುವೇ ಇರಲಿಲ್ಲ. ಆದರೂ ಅವನು ಹೋಗಲಿಲ್ಲ. ಇದೊಂದಕ್ಕಾಗಿ ಆ ರೈತನನ್ನು ನಾನು ಮೆಚ್ಚುತ್ತೇನೆ.

ಕೆಲವು ದಿನಕ್ಕೆ ಜ್ವರ ಇಳಿಯಿತು. ಕಷಾಯದಿಂದ ಇಳಿಯಿತೋ, ದೇವಿಯಿಂದ ಇಳಿಯಿತೋ, ನೆನೆದ ಜ್ವರ ತಾನಾಗಿ ಇಳಿಯಿತೋ ನನಗೆ ಗೊತ್ತಿಲ್ಲ. ಇಳಿಯದೆ ಹೋಗಿದ್ದರೂ ಅವಳು ಮಾಡಿದ್ದು ಸರಿಯೇ. ಆಗ ಈ ಕತೆಯನ್ನು ಯಾರೂ ಹೇಳುತ್ತಿರಲಿಲ್ಲ, ಅಷ್ಟೇ.

ಹುಂಜ ಸಾಧುವಾಯಿತೇ ಎಂದು ನೀನು ಕೇಳಬಹುದು. ಆಗಲಿಲ್ಲ. ಹೇಂಟೆಗಳು ಗೂಡು ಸೇರಿದ ಮೇಲೆ ಅವಳು ಅದನ್ನು ಅಂಗಳಕ್ಕೆ ಬಿಡುತ್ತಿದ್ದಳು. ಕೆಲವೊಮ್ಮೆ ಹೇಂಟೆಗಳ ನಡುವೆಯೂ ಬಿಟ್ಟು, ಕೈಯಲ್ಲಿ ಒಂದು ಸೊಪ್ಪಿನ ಕೊಂಬೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅದು ಕತ್ತಿನ ಪುಕ್ಕ ನಿಗುರಿಸಿ ನುಗ್ಗಿದರೆ ಹೊಡೆಯುತ್ತಿರಲಿಲ್ಲ, ಕೊಂಬೆ ಅಡ್ಡ ಹಿಡಿದು, ಎತ್ತಿ ಮಂಕರಿಗೆ ಹಾಕುತ್ತಿದ್ದಳು. ನೆಟ್ಟಗೆ ಮೇಯ್ದ ದಿನ ಹೊರಗೇ ಬಿಡುತ್ತಿದ್ದಳು. ಅದಕ್ಕೆ ಬುದ್ಧಿ ಬಂತೋ ಇಲ್ಲವೋ, ಅಂಗಳ ಯಾರದು ಎಂಬುದು ಮಾತ್ರ ತಿಳಿಯಿತು.

ಕೊನೆಗೆ ಹಬ್ಬ ಗೊತ್ತಾಯಿತು. ಹುಂಜವನ್ನು ತೊಳೆದು ಗುಡಿಗೆ ಒಯ್ದರು. ಪೂಜಾರಿ ಅದರ ಕಣ್ಣು ನೋಡಿದ, ರೆಕ್ಕೆ ಬಿಡಿಸಿದ, ಎರಡು ಕಾಲಿನ ಮುಳ್ಳನ್ನೂ ಮುಟ್ಟಿ ನೋಡಿದ. ಒಂದು ಊನವೂ ಸಿಗಲಿಲ್ಲ. ಹರಕೆ ತೀರಿತು.

ಅಂಗಳದಲ್ಲಿ ಮಂಕರಿಯ ಮೊದಲಿನ ಗುರುತು ಬಹಳ ಕಾಲ ಉಳಿದಿತ್ತು. ರೈತ ಹೊಲಕ್ಕೆ ಹೋಗುವಾಗ ಅದನ್ನು ತುಳಿಯದೆ ಸುತ್ತಿಕೊಂಡು ಹೋಗುತ್ತಿದ್ದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮಡಿವಾಳಯ್ಯನ ಮುಖ ಗೆಲುವಾಯಿತು. ಈಗ ಅರ್ಥವಾಯಿತು, ಆಶ್ರಮಕ್ಕೆ ಅರ್ಪಿಸಿಕೊಂಡವನು ಎಂಬ ದಾಕ್ಷಿಣ್ಯಕ್ಕೆ ತಾನು ಸುಮ್ಮನಿದ್ದೆ, ಇವತ್ತೇ ಮರಿದೇವಪ್ಪನನ್ನು ಕರೆದು ಛೀಮಾರಿ ಹಾಕುತ್ತೇನೆ ಎಂದ. ಮೇಲೇಳುತ್ತ, ಇಷ್ಟು ದಿನ ಪುಟ್ಟಸಿದ್ದಮ್ಮ ಮತ್ತು ಉಳಿದ ಹೆಂಗಸರು ಪಟ್ಟ ಪಾಡಿಗೆಲ್ಲ ಅವನೊಬ್ಬನೇ ಹೊಣೆ ಎಂದೂ ಸೇರಿಸಿದ.

ಹಿಂಬಾಗಿಲಿನಾಚೆ, ದನದ ಕೊಟ್ಟಿಗೆಯ ಪಕ್ಕದಿಂದ, ಮೊರದಲ್ಲಿ ಅಕ್ಕಿ ಕೇರುವ ಸದ್ದು ಕೇಳುತ್ತಿತ್ತು. ಮಾತಿನ ಸದ್ದಿರಲಿಲ್ಲ. ಗುರುಗಳು ಆ ಕಡೆ ಕೈ ತೋರಿಸಿದರು.

"ಗಾಯ ಮಾಡಿದ್ದು ಹುಂಜ, ಮಡಿವಾಳಯ್ಯ, ಹೇಂಟೆಗಳ ಮೇಲೆ ಮಂಕರಿ ಕವುಚಿದ್ದು ಹುಂಜವಲ್ಲ."